ಟ್ಯಾಂಕಿಗೆ ಹತ್ತಿದ ಇರುವೆಗಳು

"ಲೇ ಸಿದ್ದ, ಕದ್ದ ಗಾಡಿಗೆ ಬಣ್ಣ ಹೊಡುದ್ರೆ ಕಳ್ಳ ಅನ್ನೋ ಹೆಸ್ರು ಅಳಿಸೋಯ್ತದೇನ್ಲಾ?"

ಮರಿಸ್ವಾಮಿ ಇದನ್ನು ಗುಟ್ಟಾಗಿ ಕೇಳಲಿಲ್ಲ. ಶೀಳನೆರೆಯ ವೆಲ್ಡಿಂಗ್ ಅಂಗಡಿ ಮುಂದೆ ಟ್ರೈಲರ್ ಕೊಂಡಿ ಹಿಡಿದು ನಿಂತಿದ್ದವರು, ಎದುರಿನ ಟೀ ಅಂಗಡಿಯ ಬೆಂಚಿನವರು, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು, ಎಲ್ಲರ ಕಿವಿಗೂ ಬೀಳಲಿ ಅಂತಲೇ ಕೇಳಿದ.

"ನಿಮ್ಮಪ್ಪ ಕುಡುದು ನಾಲೆಗೆ ಬಿದ್ದ. ನನ್ ಗಾಡಿನೂ ಮುಳುಗಿಸ್ದ. ಹೆಣ ಸಿಗ್ನಿಲ್ಲ, ಕಬ್ಬಿಣನಾದ್ರೂ ಸಿಗ್ತಲ್ಲ ಅಂತ ಮೆರವಣಿಗೆ ಮಾಡ್ತಿದ್ದೀಯಾ?"

ಬೆಂಚಿನ ಮೇಲೆ ಯಾರೋ ನಕ್ಕರು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದು ಮೇಲೆದ್ದಿದ್ದು ನನಗೇ ತಿಳಿಯಲಿಲ್ಲ, ಅವ್ವನ ತಮ್ಮ ಜವರಯ್ಯ ಮಾವ ಬಂದು ಮಣಿಕಟ್ಟು ಹಿಡಿದ ಮೇಲೇ ತಿಳಿದದ್ದು.

"ಬುಡ್ಲಾ. ನಾಳೆ ನದೀಲಿ ಕೆಲ್ಸ ಮಡಿಕಂಡು ಇವತ್ತು ಜಗಳ ಬ್ಯಾಡ."

ಮರಿಸ್ವಾಮಿ ಪಂಚೆ ಎತ್ತಿ ಕಟ್ಟಿ ಟೀ ಅಂಗಡಿಗೆ ನಡೆದ. ಹೋಗುವಾಗ ನನ್ನ ಕಾಲ ಬಳಿ ಇದ್ದ ಟ್ಯಾಂಕನ್ನು ಚಪ್ಪಲಿ ತುದಿಯಿಂದ ಒಮ್ಮೆ ತಟ್ಟಿದ, ಸತ್ತ ನಾಯಿಯನ್ನು ತಟ್ಟಿ ನೋಡುವ ಹಾಗೆ.

ಆ ಟ್ಯಾಂಕ್ ಅವನ ಯೆಜ್ಡಿ ಬೈಕಿನದೇ. ನಮ್ಮಪ್ಪ ದ್ಯಾವಯ್ಯ ಅವನ ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ ನೋಡುತ್ತಿದ್ದವನು. ಆರು ವರ್ಷದ ಹಿಂದೆ ಮಾಲೀಕನ ಆ ಗಾಡಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಈ ಬೇಸಿಗೆಯಲ್ಲಿ ರಿಪೇರಿಗೆಂದು ನಾಲೆ ನೀರು ನಿಲ್ಲಿಸಿದರು. ಕೆಸರಿನಲ್ಲಿ ಸಿಕ್ಕಿದ ಹಳೇ ಯೆಜ್ಡಿಯೊಂದು ಪಾಂಡವಪುರದ ಗುಜರಿಗೆ ಬಂದಿದೆ ಅಂತ ಮಾವನೇ ಸುದ್ದಿ ತಂದ. ಕ್ಲಚ್ ಹಿಡಿಗೆ ಅಪ್ಪ ಸುತ್ತಿದ್ದ ತಾಮ್ರದ ತಂತಿ ಹಾಗೇ ಇತ್ತು. ಅದನ್ನು ನೋಡಿಯೇ ನಾನು ಕಬ್ಬಿಣದ ತೂಕಕ್ಕೆ ಗಾಡಿ ಹೊತ್ತು ತಂದದ್ದು. ವಾಪಸ್ ಬೇಕಾ ಅಂದಾಗ, ಹೆಣದ ಗಾಡಿ ನನಗೆ ಬೇಡ ಅಂದಿದ್ದ ಮರಿಸ್ವಾಮಿ. ಬೇಡ ಅಂದವನು ಬೈಯೋದು ಮಾತ್ರ ಬಿಟ್ಟಿರಲಿಲ್ಲ.

ಗಾಡಿ ಸಿಕ್ಕಿತು, ಇನ್ನೇನು, ದ್ಯಾವಯ್ಯ ಮುಳುಗಿದ್ದೇ ದಿಟ ಅಂತ ಸಿಂಧಘಟ್ಟದಲ್ಲಿ ನಮ್ಮ ಬೀದಿಯೆಲ್ಲ ತೀರ್ಮಾನ ಮಾಡಿತು. ನಾಳೆ ಭಾನುವಾರ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅವ್ವನ ಕುಂಕುಮ ಅಳಿಸಿ, ಬಳೆ ಒಡೆದು, ತಾಳಿ ಬಿಚ್ಚುವುದು ಅಂತ ಆಗಿತ್ತು. ಆರು ವರ್ಷ ಊರಿನವರ ಬಾಯಿ ಎದುರು ಅವಳು ಉಳಿಸಿಕೊಂಡಿದ್ದ ಕುಂಕುಮ.

ಜನರ ಮುಖ ನೋಡಲಾರದೆ ನಾನು ನೆಲ ನೋಡಿದೆ. ನೆಲ ನೋಡಿದ್ದಕ್ಕೇ ಅದು ಕಂಡದ್ದು.

ಇರುವೆ.

ಕೆಂಪಿರುವೆ. ಕಲ್ಲಿನ ಸಂದಿಯಿಂದ ಸಾಲು ಹಿಡಿದು ಬಂದು ಟ್ಯಾಂಕಿನ ಹೊಟ್ಟೆ ಕೆಳಗೆ ನುಗ್ಗುತ್ತಿದ್ದವು. ಪೆಟ್ರೋಲ್ ಟ್ಯಾಂಕಿಗೆ ಇರುವೆ ಹತ್ತಿದ್ದನ್ನು ನಾನು ಹುಟ್ಟಿದಾರಭ್ಯ ನೋಡಿಲ್ಲ.

ಟ್ಯಾಂಕ್ ಮಗುಚಿ ಹಾಕಿದೆ. ಚಾಸಿಯ ಮೇಲೆ ಕೂರುವ ಜಾಗದಲ್ಲಿ ಒಂದು ಉದ್ದದ ಪೊಳ್ಳು ಇರುತ್ತದೆ. ಅದರೊಳಗೆ ಅಂಗೈ ಅಗಲದ ಕಪ್ಪು ಗಡ್ಡೆ. ಇಷ್ಟು ದಿನ ಅದನ್ನು ಗ್ರೀಸು, ಧೂಳು ಅಂದುಕೊಂಡಿದ್ದೆ. ಬೆಳಿಗ್ಗೆ ವೆಲ್ಡಿಂಗಿಗೆ ತರುವ ಮುಂಚೆ ಚಾಕುವಿನಿಂದ ಮೇಲಿನ ಜಿಡ್ಡು ಕೆರೆದಿದ್ದೆ. ಕೆರೆದ ಜಾಗ ಬಿಸಿಲಿಗೆ ಕಂದು ಬಣ್ಣದಲ್ಲಿ ಹೊಳೆಯಿತು, ಗಾಜಿನ ಹಾಗೆ. ಇರುವೆಗಳು ಅಲ್ಲೇ ಮುತ್ತಿದ್ದವು.

ಉಗುರಿನಿಂದ ಒಂದು ಚೂರು ಎಬ್ಬಿಸಿ ನಾಲಿಗೆಗೆ ಇಟ್ಟೆ.

ಸಿಹಿ. ಸಿಹಿಯ ಹಿಂದೆ ಹೊಗೆ. ರಸ ಹಿಂಡಿದ ಕಬ್ಬಿನ ರಚ್ಚು ಉರಿಸಿದ ಹೊಗೆ.

ಬೆಲ್ಲ!

ಇದು ಅಪ್ಪನ ಕೈ. ಮನೆಯಲ್ಲಿ ಸೋರುವ ಸೀಮೆಎಣ್ಣೆ ಡಬ್ಬ, ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನು, ಯಾವುದೇ ಇರಲಿ, ಅಪ್ಪ ಬಟ್ಟೆಯ ಪಟ್ಟಿ ಹರಿದು ಗಟ್ಟಿ ಪಾಕದಲ್ಲಿ ಅದ್ದಿ ತೂತಿನ ಮೇಲೆ ಅಡ್ಡಡ್ಡ ಮಡಿಸಿ ಒತ್ತುತ್ತಿದ್ದ. ಆರಿದ ಮೇಲೆ ಕಲ್ಲು. "ಎಣ್ಣೆಗೆ ಬೆಲ್ಲ ಕರಗಕಿಲ್ಲ ಕಣ್ಲಾ ಮಗ, ನೀರಿಗೆ ಮಾತ್ರ ಎದ್ರುಕೊ" ಅನ್ನುತ್ತಿದ್ದ. ಹಾಗೆ ತೇಪೆ ಹಾಕುವವನನ್ನು ಈ ಸೀಮೆಯಲ್ಲಿ ನಾನು ಬೇರೆ ಕಂಡಿಲ್ಲ.

ನೀರಿಗೆ ಮಾತ್ರ ಹೆದರಿಕೋ.

ಆರು ವರ್ಷ ನಾಲೆಯಲ್ಲಿ ಬಿದ್ದಿದ್ದ ಗಾಡಿಯಲ್ಲಿ ಬೆಲ್ಲ ಉಳಿಯುತ್ತದಾ? ಆರು ದಿನ ಉಳಿಯುತ್ತದಾ?

"ಮಾವ!" ಅಂದೆ. "ಈ ಗಾಡಿ ನಾಲೆಗೆ ಬಿದ್ದೇ ಇಲ್ಲ! ನೋಡಿಲ್ಲಿ, ಅಪ್ಪನ ತೇಪೆ. ಬೆಲ್ಲ ಅಂಗೇ ಐತೆ!"

ಮಾವ ಬಗ್ಗಿ ನೋಡಿದ. ಟವೆಲಿನಿಂದ ಕತ್ತು ಒರೆಸಿಕೊಂಡ.

"ನೀ ಇಲ್ಲೇ ಇರು. ಆ ಮರಿಸ್ವಾಮಿನ ಎಳ್ಕೊಂಡ್ ಬತ್ತೀನಿ. ಎಲ್ರ ಮುಂದೆ ಅಂದ, ಎಲ್ರ ಮುಂದೆನೇ ತೋರುಸ್ತೀನಿ."

ನನ್ನ ಕೋಪ ನನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. ತೇಪೆ ಎಬ್ಬಿಸಿ ಜೇಬಿಗೆ ಹಾಕಿಕೊಂಡು ಹೋಗಬೇಕಿತ್ತು. ಹೋಗಲಿ, ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಬೇಕಿತ್ತು. ಎಂಟನೇ ಕ್ಲಾಸಿನಲ್ಲೂ ಹೀಗೇ, ಮೇಷ್ಟ್ರು ಒಂದು ಮಾತು ಅಂದರು, ಬ್ಯಾಗು ಅಲ್ಲೇ ಬಿಟ್ಟು ಎದ್ದು ಬಂದವನು ನಾನು. ರಸ್ತೆ ದಾಟಿ ಟೀ ಅಂಗಡಿಗೆ ನುಗ್ಗಿ, ಮರಿಸ್ವಾಮಿಯ ಲೋಟ ಕಿತ್ತು ಮೇಜಿನ ಮೇಲೆ ಕುಕ್ಕಿದೆ.

"ಬಾ. ನಿಮ್ ನಾಲೆ ಕತೆ ಎಷ್ಟು ಸುಳ್ಳು ಅಂತ ತೋರುಸ್ತೀನಿ ಬಾ. ಎಲ್ರೂ ಬನ್ನಿ!"

ಮರಿಸ್ವಾಮಿ ತಕ್ಷಣ ಏಳಲಿಲ್ಲ. ನನ್ನನ್ನು ದಾಟಿ ಆಚೆ ವೆಲ್ಡಿಂಗ್ ಅಂಗಡಿ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ ಎದ್ದು, "ನಡಿಯಪ್ಪ ಪತ್ತೇದಾರ" ಅಂದ. ಬೆಂಚೆಲ್ಲ ಎದ್ದು ಹಿಂದೆ ಬಂತು.

ಟ್ಯಾಂಕ್ ನಾನು ಬಿಟ್ಟ ಜಾಗದಲ್ಲಿ ಇರಲಿಲ್ಲ.

ನಲ್ಲಿ ಕೆಳಗಿತ್ತು. ಬಾಯಿ ಮಟ್ಟ ನೀರು ತುಂಬಿ ಮೇಲೆ ಉಕ್ಕುತ್ತಿತ್ತು. ಮಾವ ತೆಂಗಿನ ನಾರು ಹಿಡಿದು ಹೊಟ್ಟೆ ಭಾಗ ಉಜ್ಜುತ್ತಿದ್ದ. ತೇಪೆ ಇದ್ದ ಜಾಗದಲ್ಲಿ ಈಗ ಒಂದು ತೂತು, ಅದರಿಂದ ಸಣ್ಣಗೆ ನೀರು. ಮೊದಲು ಕಂದು, ಆಮೇಲೆ ತಿಳಿ.

"ಯಾಕ್ ಮಾವ ನೀರಾಕ್ದೆ?"

"ನೀರು ತುಂಬುಸ್ದೆ ಬೆಂಕಿ ಇಟ್ರೆ ಟ್ಯಾಂಕ್ ಸಿಡಿಯಾಕಿಲ್ವೇನ್ಲಾ?" ಅಂದ ಮಾವ. "ರಾಹುಲನ್ನೇ ಕೇಳು."

ವೆಲ್ಡಿಂಗ್ ರಾಹುಲ ಕನ್ನಡಕ ಹಣೆಗೆ ಏರಿಸಿ ಹೌದೆಂದು ತಲೆಯಾಡಿಸಿದ. "ಪೆಟ್ರೋಲ್ ಟ್ಯಾಂಕ್ ಯಾವ್ದೇ ಬಂದ್ರೂ ನೀರು ತುಂಬ್ಸೇ ಬೆಸೆಯೋದು ಕಣಣ್ಣ. ಇಲ್ಲಾಂದ್ರೆ ನಾನೂ ಇರಕಿಲ್ಲ, ಅಂಗಡಿನೂ ಇರಕಿಲ್ಲ."

ತಪ್ಪು ಹುಡುಕೋಕೆ ಆಗದ ಮಾತು. ಎಲ್ಲ ಗ್ಯಾರೇಜಿನಲ್ಲೂ ಹಾಗೇ ಮಾಡುವುದು. ನಾನೇ ಇದ್ದಿದ್ದರೂ ಹಾಗೇ ಮಾಡುತ್ತಿದ್ದೆ.

"ಎಲ್ಲಪ್ಪಾ ತೋರ್ಸು" ಅಂದ ಮರಿಸ್ವಾಮಿ. "ಸುಳ್ಳು ಎಲ್ಲೈತೆ? ನೀರೊಳಗಾ?"

ಜನ ಈಗ ಬಾಯಿ ಬಿಟ್ಟೇ ನಕ್ಕರು. ನಗದಿದ್ದವನು ಒಬ್ಬನೇ, ಜವರಯ್ಯ ಮಾವ. ಅವನು ನಾರು ಹಿಂಡುತ್ತಾ ಇದ್ದ, ಹಿಂಡುತ್ತಲೇ ಇದ್ದ.

ಅವರೆಲ್ಲ ಚದುರಿದ ಮೇಲೆ ನಲ್ಲಿ ಕಟ್ಟೆ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಚರಂಡಿ ಬಾಯಲ್ಲಿ ಕರ್ರಗಿನ ಬಟ್ಟೆ ಚಿಂದಿಯೊಂದು ಸಿಕ್ಕಿಕೊಂಡಿತ್ತು. ಅದರ ಮೇಲೆ ಆಗಲೇ ನಾಲ್ಕಾರು ಇರುವೆ. ಅಡ್ಡಡ್ಡ ಮಡಿಸಿದ ಗುರುತು ಇನ್ನೂ ಬಿಟ್ಟಿರಲಿಲ್ಲ. ಯಾರಿಗೂ ಕಾಣದಂತೆ ಎತ್ತಿ ಜೇಬಿಗೆ ಹಾಕಿಕೊಂಡೆ.

ರಾಹುಲನ ಮೊಪೆಡ್ ಇಸ್ಕೊಂಡು ಸೀದಾ ಪಾಂಡವಪುರಕ್ಕೆ ಹೊಡೆದೆ. ದಾರಿಯುದ್ದಕ್ಕೂ ತಲೆ ಕುದಿಯುತ್ತಿತ್ತು. ಆ ಗಾಡಿಗೆ ನಾನು ಏನೇನು ಮಾಡಿಲ್ಲ! ಹೊಸ ಸಾಮಾನು ಕೊಳ್ಳುವ ಶಕ್ತಿ ಇಲ್ಲದೆ ಮಡ್‌ಗಾರ್ಡನ್ನು ಎಣ್ಣೆ ಡ್ರಮ್ಮಿನ ತಗಡಲ್ಲಿ ಬಡಿದು ಮಾಡಿದ್ದೆ. ಸೀಟು ಮುರಿದ ಮೊಪೆಡ್ಡಿನದು, ಎರಡು ಕಡೆ ಕತ್ತರಿಸಿ ಕೂರಿಸಿದ್ದು. ಬಣ್ಣ ಹೊಡೆಯುವ ಗನ್ ಇಲ್ಲ, ಬ್ರಷ್ಷಿನಲ್ಲೇ ಹಚ್ಚಿ ಮರಳು ಕಾಗದದಲ್ಲಿ ತೀಡಿದ್ದೆ. ಮುಳುಗಿ ಸತ್ತ ಅಪ್ಪನ ಗಾಡಿ ಎದ್ದು ಓಡಲಿ, ಅವ್ವನನ್ನು ಒಂದು ಸಲ ಕೂರಿಸಿಕೊಂಡು ಹೋಗಲಿ ಅಂತ.

ಸೈಲೆನ್ಸರ್ ಎರಡನ್ನೂ ಬಿಚ್ಚಿ ಬಡಿದಿದ್ದೆ. ಒಳಗಿಂದ ಬರೀ ಎಣ್ಣೆ ಮಸಿ ಬಿದ್ದಿತ್ತು. ಒಂದು ಹಿಡಿ ಕೆಸರಿರಲಿಲ್ಲ. ಹೆಡ್‌ಲೈಟ್ ಒಳಗೂ ಇರಲಿಲ್ಲ. ಕೆಸರೆಲ್ಲ ಹೊರಗೆ. ಕಣ್ಣಿಗೆ ಕಾಣುವ ಕಡೆ ಮಾತ್ರ. ಆವತ್ತೇ ಹೊಳೆಯಬೇಕಿತ್ತು ನನಗೆ.

ಗುಜರಿ ಯಶೋದಮ್ಮ ರಾಶಿ ವೈರಿನ ನಡುವೆ ಕೂತು ಕಟಿಂಗ್ ಪ್ಲೇಯರಿನಲ್ಲಿ ತಾಮ್ರ ಸುಲಿಯುತ್ತಿದ್ದಳು.

"ಏನ್ಲಾ ಮೆಕ್ಯಾನಿಕ್ಕು? ತೂಕಕ್ಕೆ ಕೊಟ್ಟ ಮಾಲು ವಾಪಸ್ ತಗಳಕಿಲ್ಲ, ಮೊದ್ಲೇ ಏಳಿದ್ದೀನಿ."

"ವಾಪಸ್ ಕೊಡಕೆ ಬರ್ನಿಲ್ಲ ಯಶೋದಕ್ಕ. ಎಲ್ಲಿಂದ ಬಂತು ಅಂತ ಕೇಳಾಕೆ ಬಂದೆ."

"ಎಷ್ಟು ಸಲ ಏಳನ? ನಾಲೆ ಕೆಸ್ರಲ್ಲಿ ಸಿಕ್ತು."

"ಕೆಸ್ರಲ್ಲಿದ್ದ ಗಾಡಿ ಸೈಲೆನ್ಸರ್ ಒಳಗೆ ಕೆಸ್ರು ಯಾಕಿಲ್ಲ?"

"ನಾನೇನ್ ಡಾಕ್ಟ್ರಾ, ಒಟ್ಟೆ ಒಳಗೆಲ್ಲ ನೋಡಕೆ? ಓಗ್ಲಾ, ಕೆಲ್ಸ ಐತೆ."

ನಾನು ಅವಳ ಮುಂದೆಯೇ ಕೂತೆ. ವೈರಿನ ಸುರುಳಿ ಎತ್ತಿ ಆಚೆ ಎಸೆದೆ.

"ಆ ಕೆಸ್ರು ಬಳುದಿದ್ದು. ಯಾರು ಬಳುದ್ರು?"

"ದನಿ ಇಳಿಸ್ಲಾ. ಇದು ನಿಮ್ ಗ್ಯಾರೇಜಲ್ಲ."

"ಇಳ್ಸಕಿಲ್ಲ! ನಾಳೆ ನಮ್ಮವ್ವನ ಕುಂಕುಮ ಅಳಿಸ್ತಾವ್ರೆ ಯಶೋದಕ್ಕ. ನದೀಲಿ ನಿಲ್ಸಿ ಬಳೆ ಒಡೀತಾವ್ರೆ. ನೀನೇಳಿದ ಒಂದು ಮಾತು ನಂಬ್ಕಂಡು."

ಪ್ಲೇಯರ್ ನಿಂತಿತು. ಯಶೋದಮ್ಮ ತಲೆ ಎತ್ತಿದಳು. ಅವಳ ಹಣೆ ಖಾಲಿ, ಕೈ ಖಾಲಿ. ಅಲ್ಲಿಯವರೆಗೂ ನಾನು ಅದನ್ನು ಗಮನಿಸಿರಲಿಲ್ಲ.

"ಅದ್ಕಾ ಮಾಡಿದ್ದು?" ಅಂದಳು. ದನಿ ಬೇರೆಯಾಗಿತ್ತು. "ನಂಗೆ ಅಂಗೆ ಏಳ್ನಿಲ್ಲ ಕಣಪ್ಪ. ಇನ್ಸೂರೆನ್ಸು ಅದು ಇದು ಅಂದ."

"ಯಾರು?"

ಅವಳು ಗೇಟಿನ ಕಡೆ ನೋಡಿ, ಕೆಳಗೆ ನೋಡಿ, ಮಾತಾಡಿದಳು.

"ಹುಲ್ಲಿನ ಟ್ರಾಕ್ಟರಲ್ಲಿ ಬಂತು, ಹುಲ್ಲೊಳಗೆ ಮುಚ್ಕೊಂಡು. ಕೊಟ್ಟಿಗೇಲಿ ನಿಂತು ನಿಂತು ತುಕ್ಕಿಡ್ದಿತ್ತು ಅಷ್ಟೆಯ. ಚಕ್ರಕ್ಕೆ ಸಗಣಿ ಮೆತ್ಕೊಂಡಿತ್ತು. ನಾಲೆ ಕೆಸ್ರು ಎರಡು ಪುಟ್ಟಿ ಅವ್ನೇ ತಂದಿದ್ದ. ನನ್ ಮುಂದೇನೇ ಬಳುದ."

"ಬಳುದು?"

"ಬೇರೆ ಯಾರ್ಗೂ ಕೊಡಬ್ಯಾಡ ಅಂದ. ಸಿಂಧಘಟ್ಟದ ಸಿದ್ದ ಅಂತ ಒಬ್ಬ ಬತ್ತಾನೆ, ತಂತಿ ನೋಡ್ತಾನೆ, ಅವ್ನಿಗೇ ಕೊಡು ಅಂದ."

ಗಾಡಿ ನನಗೆ ಸಿಕ್ಕಿದ್ದಲ್ಲ. ನನ್ನ ದಾರಿಯಲ್ಲಿ ಇಟ್ಟದ್ದು. ಬೋನಿನಲ್ಲಿ ತುಣುಕು ಇಡುತ್ತಾರಲ್ಲ, ಹಾಗೆ.

"ಮರಿಸ್ವಾಮಿನಾ?"

ಯಶೋದಮ್ಮ ನನ್ನನ್ನು ನೋಡಿದ ರೀತಿಗೆ ನನ್ನ ಕೋಪವೇ ಕುಸಿಯಿತು. ಕನಿಕರದಲ್ಲಿ ನೋಡಿದಳು.

"ಒಂದು ಮನೆ ಒಡೆಯೋ ಹೆಸ್ರು ನನ್ ಬಾಯಲ್ಲಿ ಬರಕಿಲ್ಲ. ಎಷ್ಟು ಏಳ್ಬೋದೋ ಅಷ್ಟು ಏಳಿದ್ದೀನಿ. ನಿಮ್ಮವ್ವನ್ನ ನದಿಗೆ ಕಳುಸ್ಬ್ಯಾಡ. ಓಗು."

ನಾನು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವ್ವ ಅಕ್ಕಿ ಆರಿಸುತ್ತಿದ್ದಳು, ನಾಳೆಯ ಪಿಂಡಕ್ಕೆ. ಅವಳ ಕೈಯಲ್ಲಿ ಬಳೆ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳುತ್ತಾ ಬಚ್ಚಲಿಗೆ ಹೋಗಿ ಜೇಬಿನ ಚಿಂದಿಗೆ ಸೋಪು ಹಾಕಿ ಉಜ್ಜಿದೆ. ಒಂದು ಸಲಕ್ಕೆ ಜಿಡ್ಡು ಬಿಟ್ಟಿತು. ಇನ್ನೊಂದು ಸಲಕ್ಕೆ ಬಣ್ಣ ಕಾಣಿಸಿತು.

ಗಿಳಿಹಸಿರು. ನಡುವೆ ಕುಂಕುಮ ಬಣ್ಣದ ಗೀರು.

ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅವ್ವ ಮೊರದಿಂದ ತಲೆ ಎತ್ತಿದಳು.

"ಅಯ್ಯ, ಇದೆಲ್ಲಿ ಸಿಕ್ತ್ಲಾ? ನಿಮ್ಮಾವನ ಪಂಚೆ ಅಂಚಲ್ವಾ? ಗಿಳಿ ಪಂಚೆ!"

ಅವಳು ಹೇಳುವ ಮುಂಚೆಯೇ ನನಗೆ ಗೊತ್ತಾಗಿತ್ತು. ನನ್ನ ತಂಗಿ ಸಹನಳನ್ನು ನಾಗಮಂಗಲಕ್ಕೆ ಕೊಟ್ಟಾಗ ಸೋದರಮಾವನಿಗೆ ಉಡಿಸಲು ನಾನೇ ತಂದ ಪಂಚೆ. ಜರಿ ಅಂಚಿನದು ಕೈಗೆ ಎಟುಕದೆ, ಅಂಗಡಿಯವನು ಯಾರೂ ಕೊಳ್ಳುತ್ತಿಲ್ಲ ಅಂತ ಮೂಲೆಗೆ ಎಸೆದಿದ್ದನ್ನು ಎತ್ತಿಕೊಂಡು ಬಂದಿದ್ದೆ. ಇಂಥ ಹಸಿರು ಅಂಚಿನ ಪಂಚೆ ಉಟ್ಟ ಗಂಡಸನ್ನು ನೋಡಿಲ್ಲ ಅಂತ ಚಪ್ಪರದಲ್ಲಿ ಎಲ್ಲರೂ ನಕ್ಕಿದ್ದರು. ನಗಿಸಿಕೊಂಡೇ ಅದನ್ನು ಉಟ್ಟು, ಅತ್ತೆಯ ಜೊತೆ ಅಪ್ಪನ ಜಾಗದಲ್ಲಿ ನಿಂತು ಸಹನಳಿಗೆ ಧಾರೆ ಎರೆದವನು ಜವರಯ್ಯ ಮಾವ.

ಆ ಮದುವೆ ಆದದ್ದು ಎರಡು ವರ್ಷದ ಹಿಂದೆ.

ಅಪ್ಪ ನಾಲೆಗೆ ಬಿದ್ದ ಅಂದು ಆರು ವರ್ಷ.

ತೇಪೆ ಹಾಕಿದ ಕೈ ಅಪ್ಪನದು. ತೇಪೆಯ ಬಟ್ಟೆ ಎರಡು ವರ್ಷದ ಹಿಂದಿನದು. ಹಾಗಾದರೆ ಎಲ್ಲರೂ ಸತ್ತನೆಂದ ಮೇಲೂ ಅಪ್ಪ ಎಲ್ಲೋ ಕೂತು ಆ ಟ್ಯಾಂಕಿನ ತೂತು ಮುಚ್ಚಿದ್ದಾನೆ. ಅವನ ಪಕ್ಕದಲ್ಲಿ ಪಂಚೆ ಹರಿದು ಕೊಟ್ಟವನೊಬ್ಬ ನಿಂತಿದ್ದಾನೆ. ಗುಜರಿಯ ಸುದ್ದಿ ತಂದವನೂ ಅವನೇ. ಇವತ್ತು ನಲ್ಲಿ ತಿರುಗಿಸಿದವನೂ ಅವನೇ.

"ಅವ್ವ" ಅಂದೆ. ಹೇಳಿದೆ. ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು. ಚಿಂದಿಯನ್ನು ತೊಡೆಯ ಮೇಲೆ ಹಾಸಿ, ಅಪ್ಪ ಮಡಿಸುತ್ತಿದ್ದ ಹಾಗೇ ಅಡ್ಡಡ್ಡ ಮಡಿಸಿದಳು. ಹಳೆಯ ಗೆರೆಯ ಮೇಲೇ ಬಟ್ಟೆ ತಾನಾಗಿ ಮಡಚಿಕೊಂಡಿತು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

"ಮಾದಕ್ಕ, ಬೆಳಿಗ್ಗೆ ಬೇಗ ಎದ್ಬುಡು, ಮೊದ್ಲನೇ ಬಸ್ಸಿಗೇ ಓಗನ" ಅನ್ನುತ್ತಾ ಮಾವ ಒಳಗೆ ಬಂದ. ಕಂಕುಳಲ್ಲಿ ಒಂದು ಪೊಟ್ಟಣ. ತವರಿನ ಸೀರೆ. ಕುಂಕುಮ ಅಳಿಸಿದ ಮೇಲೆ ಒಡಹುಟ್ಟಿದವನು ಉಡಿಸುವ ಸೀರೆ. ತನ್ನೂರು ಅಕ್ಕಿಹೆಬ್ಬಾಳಿನಿಂದ ತಾನೇ ಆರಿಸಿ ತಂದಿದ್ದ. ಅದನ್ನು ಅವ್ವನ ಮುಂದೆ ಇಡಲು ಬಗ್ಗಿದ.

ಬಗ್ಗಿದವನು ಹಾಗೇ ನಿಂತ. ಅವಳ ತೊಡೆಯ ಮೇಲೆ ಗಿಳಿಹಸಿರು.

"ಅಪ್ಪ ಎಲ್ಲವ್ನೆ ಮಾವ?"

ನನ್ನ ದನಿ ನನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ಪೊಟ್ಟಣವನ್ನು ಅವ್ವನ ಮುಂದೆಯೇ ಬಿಟ್ಟು ಹಿಂದೆ ಸರಿದ.

"ಯಾರಿಗೆ ಎದ್ರುಕೊಂಡಿದ್ದೀಯ? ಮರಿಸ್ವಾಮಿಗಾ? ಏಳು! ಇವತ್ತು ಟೀ ಅಂಗಡಿಯಿಂದ ಅವ್ನು ನಿನ್ ಕಡೇನೇ ನೋಡ್ತಿದ್ದ. ನೀನು ತೊಳ್ಯೋವರ್ಗೂ ಕಾದ. ಅಪ್ಪನ್ನ ಏನ್ಮಾಡಿದ್ರಿ ಇಬ್ರೂ ಸೇರ್ಕಂಡು?"

ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಅವ್ವ ನನ್ನ ಕೈ ಮೇಲೆ ಕೈ ಇಟ್ಟಳು. ಹಿಡಿತ ಸಡಿಲಿಸಿದಳು. ತಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಸೀರೆಯ ಪೊಟ್ಟಣವನ್ನು ಬೆರಳಲ್ಲಿ ಮುಟ್ಟಿ, ಬಹಳ ಸಣ್ಣಗೆ ಕೇಳಿದಳು:

"ಜವರ, ಬೇರೆ ಏನೂ ಏಳ್ಬ್ಯಾಡ. ನಾಳಿಕೆ ಈ ಸೀರೆ ಉಡ್ಲಾ, ಬ್ಯಾಡ್ವಾ? ಅದೊಂದು ಏಳ್ಬುಡಪ್ಪ."

ಮಾವ ಅವಳ ಹಣೆ ನೋಡಿದ. ಕುಂಕುಮ ನೋಡಿದ. ಆಮೇಲೆ ಬೆನ್ನು ತಿರುಗಿಸಿ ಹೊಸಿಲು ದಾಟಿದ.

ಬಾಗಿಲಿಗೆ ಓಡಿ ಬಂದೆ. ಅವನು ಅಕ್ಕಿಹೆಬ್ಬಾಳಿನ ಬಸ್ಸು ನಿಲ್ಲುವ ಕಡೆ ತಿರುಗಲಿಲ್ಲ. ಕಬ್ಬಿನ ಗದ್ದೆಯ ಬದು ಹಿಡಿದು, ಮರಿಸ್ವಾಮಿಯ ಆಲೆಮನೆ ಕಡೆ ನಡೆಯುತ್ತಿದ್ದ. ಅಪ್ಪ ಕಾಣೆಯಾದ ವರ್ಷವೇ ಬೀಗ ಬಿದ್ದ ಆಲೆಮನೆ, ಒಳಗೆ ಯಾರೂ ಇಲ್ಲ ಅಂತಲೇ ಊರೆಲ್ಲ ನಂಬಿದ್ದ ಜಾಗ. ಬರಿಗಾಲಲ್ಲಿ ನಡೆಯುತ್ತಿದ್ದ. ಅವನ ಚಪ್ಪಲಿ ನಮ್ಮ ಬಾಗಿಲಲ್ಲೇ ಇದ್ದವು.